ಪದಚರ್ಚೆ: ಫಿಲ್ಟರಿಗೆ ‘ಶೋಧಕ’ವೋ ‘ಸೋಸುಕ’ವೋ?

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಪ್ರವಾಹವನ್ನು ಅಳೆಯಲು ಅದರಿಂದ ಸಿಗುವ ಪುಟ್ಟ ವೋಲ್ಟೇಜನ್ನು ದೊಡ್ಡದು ಮಾಡುವ ಕರೆಂಟ್ ಸೆನ್ಸ್ ಆಂಪ್ಲಿಫೈಯರಿನ ಮುಂದೆ, ಬೇಡದ ಸಂಕೇತಗಳನ್ನು ತಡೆಯಲು ಹಾಕುವ ಫಿಲ್ಟರ್ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಆಂಪ್ಲಿಫೈಯರಿಗೆ ‘ವರ್ಧಕ’ ಒಗ್ಗಿದೆ; ಧ್ವನಿವರ್ಧಕ ಇಲ್ಲದ ಊರಿಲ್ಲ. ತೊಡಕಿರುವುದು ಫಿಲ್ಟರಿನಲ್ಲಿ. ‘ಶೋಧಕ’ ಎನ್ನುವ ರೂಢಿಯುಂಟು. ಆದರೆ ಕಳೆದದ್ದನ್ನು ಹುಡುಕುವುದೂ ಶೋಧಿಸುವುದೇ, ಡಿಕಾಕ್ಷನ್ನನ್ನು ಬಟ್ಟೆಯಲ್ಲಿ ಬಸಿಯುವುದೂ ಶೋಧಿಸುವುದೇ. ‘ಪ್ರವಾಹ ಶೋಧಕ’ ಎಂದರೆ ಪ್ರವಾಹವನ್ನು ಪತ್ತೆಹಚ್ಚುವ ವರ್ಧಕವೇ, ಅದರ ಮುಂದಿರುವ ಫಿಲ್ಟರೇ? ಹಾಗಾಗಿ ಸದ್ಯಕ್ಕೆ ಸೆನ್ಸಿಗೆ ‘ಸಂವೇದಿ’, ಫಿಲ್ಟರಿಗೆ ‘ಸೋಸುಕ’ ಎಂದು ಇಟ್ಟುಕೊಂಡಿದ್ದೇನೆ.

ಸೋಸುಕದ ಮೇಲೂ ಒಂದು ಅನುಮಾನ ಉಳಿದಿದೆ. ಸೋಸುವುದೆಂದರೆ ಬೆರೆತ ಕಸವನ್ನು ತೆಗೆಯುವುದು. ಇಲ್ಲಿ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರವಾಹ ಅಳೆಯಲು ಇಡುವ ಷಂಟ್ ರೋಧಕ 1 ಮಿಲಿಓಮಿನದು ಎನ್ನಿ. ಅದರಲ್ಲಿ ಬರೀ 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣ) ಇದ್ದರೂ ಸಾಕು, ಸುಮಾರು 160 ಕಿಲೋಹರ್ಟ್ಸ್ ದಾಟಿದ ಮೇಲೆ ಅದರ ವೋಲ್ಟೇಜ್ ಆವರ್ತನದ ಜೊತೆಗೇ ಏರುತ್ತಾ ಹೋಗುತ್ತದೆ. ಪ್ರವಾಹ ತಟ್ಟನೆ ಬದಲಾದಾಗಲೆಲ್ಲ ಚೂಪಾದ ಶಿಖರ ಏಳುತ್ತದೆ. ಈ ಶಿಖರ ಹೊರಗಿನಿಂದ ಬಂದ ಕಸವಲ್ಲ, ಷಂಟೇ ಹುಟ್ಟಿಸಿದ್ದು. ಷಂಟಿನಿಂದ ವರ್ಧಕಕ್ಕೆ ಹೋಗುವ ಎರಡೂ ತಂತಿಗಳಲ್ಲಿ ತಲಾ 10 ಓಮ್ ರೋಧಕ, ಅವುಗಳ ನಡುವೆ 50 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸೋಸುಕದ ಕಾಲಸ್ಥಿರಾಂಕ (ಬದಲಾವಣೆಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ) 1 ಮೈಕ್ರೊಸೆಕೆಂಡ್ ಆಗುತ್ತದೆ. ಷಂಟಿನದೂ (ಇಂಡಕ್ಟೆನ್ಸನ್ನು ರೋಧದಿಂದ ಭಾಗಿಸಿದರೆ) ಅಷ್ಟೇ ಇರುವುದರಿಂದ ಅಲ್ಲಿನ ಏರಿಕೆ ಇಲ್ಲಿನ ಇಳಿಕೆಯಲ್ಲಿ ಸರಿಹೋಗುತ್ತದೆ. ಇದನ್ನು ಸೋಸುವುದು ಎನ್ನುವುದಕ್ಕಿಂತ ಸರಿದೂಗಿಸುವುದು ಎನ್ನಬೇಕಲ್ಲವೇ? ಅದೂ ಅಲ್ಲದೆ ಈ ರೋಧಕಗಳು ಸಂಕೇತವನ್ನೇ ಒಂದಿಷ್ಟು ತಿನ್ನುತ್ತವೆ. ವರ್ಧಕದ ಒಳಗಿನ ರೋಧಕ 5 ಕಿಲೋಓಮ್ ಇದ್ದು, ಹೊರಗೆ 10ರ ಬದಲು 100 ಓಮ್ ಹಾಕಿದರೆ ವರ್ಧನೆ ಶೇ. 2ರಷ್ಟು ಕುಸಿಯುತ್ತದೆ. ಇಷ್ಟೆಲ್ಲ ಇದ್ದರೂ ‘ಸೋಸುಕ’ವೇ ಇರಲಿ ಎಂಬುದು ನನ್ನ ಒಲವು; ಪದ ಕಂಡೊಡನೆ ಮುಖ್ಯ ಕೆಲಸವಾದರೂ ಹೊಳೆಯುತ್ತದೆ.

ಇನ್ನೊಂದು, ಕಾಮನ್ ಮೋಡ್, ಅಂದರೆ ಎರಡೂ ತಂತಿಗಳಲ್ಲಿ ಸಮನಾಗಿ ಇರುವ ವೋಲ್ಟೇಜ್. ‘ಸಾಮಾನ್ಯ ವಿಧಾನ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. 48 ವೋಲ್ಟಿನ ಬ್ಯಾಟರಿಯ ಧನ ತಂತಿಯಲ್ಲಿ ಇದೇ ಷಂಟ್ ಇಟ್ಟು 10 ಆಂಪಿಯರ್ ಹರಿಸಿದರೆ ವರ್ಧಕದ ಎರಡೂ ಇನ್‌ಪುಟ್ ಕಾಲುಗಳ ಮೇಲೆ ಹೆಚ್ಚುಕಡಿಮೆ 48 ವೋಲ್ಟ್ ಕೂತಿರುತ್ತದೆ. ನಮಗೆ ಬೇಕಾದ ಅಂತರ 10 ಮಿಲಿವೋಲ್ಟ್ ಮಾತ್ರ. ಮೊದಲನೆಯದನ್ನು ‘ಉಭಯ ವೋಲ್ಟೇಜ್’, ಎರಡನೆಯದನ್ನು ‘ಅಂತರ ವೋಲ್ಟೇಜ್’ ಎನ್ನಬಹುದೇ? ಪಾಲಿಟೆಕ್ನಿಕ್‌ಗಳಲ್ಲಿ ಕನ್ನಡದಲ್ಲಿ ವಿವರಿಸಿ ಕಲಿಸುವವರು ಇಲ್ಲಿದ್ದರೆ, ಬೋರ್ಡಿನ ಮುಂದೆ ನಿಂತಾಗ ತಮ್ಮ ಬಾಯಿಗೆ ಬರುವ ಮಾತನ್ನೇ ದಯವಿಟ್ಟು ತಿಳಿಸಿ.