ಹಳೇ ಉಯ್ಯಾಲೆ ಕೊಕ್ಕೆಗೆ 14 ಕೆಜಿ ತೂಗುದೀಪ ಹಾಕಬಹುದಾ? ಸರಪಳಿ, ಕೊಂಡಿ ಯಾವುದು ತರಲಿ?

ನಡುಮನೆ_ಶಿರಸಿ

ಶಿರಸಿ ಹತ್ತಿರ ನಮ್ಮದು ಅಜ್ಜ ಕಟ್ಟಿಸಿದ ಹಂಚಿನ ಮನೆ. ನಡುಮನೆಯಲ್ಲಿ ಮೊದಲು ತೂಗುಮಂಚ ಇತ್ತು. ಅದನ್ನು ತೆಗೆದಾಗಿದೆ, ಆದರೆ ತೊಲೆಯಲ್ಲಿ ಅದರ ಎರಡು ಕಬ್ಬಿಣದ ಕೊಕ್ಕೆ ಹಾಗೇ ಉಳಿದಿವೆ. ಒಂದಕ್ಕೊಂದು 5 ಅಡಿ ದೂರ. ತೊಲೆಯ ಮೇಲೆ ಹಲಗೆ, ಅದರ ಮೇಲೆ ಅಟ್ಟ. ನೆಲದಿಂದ ತೊಲೆಯ ತಳಕ್ಕೆ 10 ಅಡಿ.

ತಂದಿರುವುದು ಮೊರಾದಾಬಾದ್‌ನ ಹಿತ್ತಾಳೆ ತೂಗುದೀಪ. ಆರು ಕೈ, ಆರು ಗಾಜಿನ ಬಟ್ಟಲು, 2 ಅಡಿ ಎತ್ತರ. ಎಲ್ಲ ಸೇರಿಸಿ ತೂಗಿದರೆ 14 ಕೆಜಿ. ಪೆಟ್ಟಿಗೆಯಲ್ಲಿ ಒಂದು ಮೀಟರ್ ಸಣ್ಣ ಸರಪಳಿ, ಒಂದು ಸಣ್ಣ ಹುಕ್, ಎರಡು ಸ್ಕ್ರೂ, ಪ್ಲಾಸ್ಟಿಕ್ ಗಿಟ್ಟಿ ಬಂದಿವೆ. ಸರಪಳಿಗೆ ಅಯಸ್ಕಾಂತ ಹಿಡಿದರೆ ಅಂಟುತ್ತದೆ, ಅಂದರೆ ಹಿತ್ತಾಳೆ ಅಲ್ಲ.

ದೀಪ ಎರಡು ಕೊಕ್ಕೆಗಳ ನಡುವೆ, ಸರಿಯಾಗಿ ಮಧ್ಯದಲ್ಲಿ ಬರಬೇಕು ಅಂತ ಅಮ್ಮನ ಆಸೆ. ಹಾಗಾಗಿ ಎರಡೂ ಕೊಕ್ಕೆಗೆ ಒಂದು ಸರಪಳಿ ಅಡ್ಡ ಕಟ್ಟಿ, ಅದರ ನಡುವಿಗೆ ದೀಪ ತೂಗಿಸೋಣ ಅಂತಿದ್ದೇನೆ. ವೈರನ್ನು ಸರಪಳಿಗೆ ಟೇಪ್ ಸುತ್ತಿ ಬಿಟ್ಟರೆ ಸಾಕು ಅಂತ ಇಲ್ಲಿಯ ಎಲೆಕ್ಟ್ರಿಷಿಯನ್ ಹೇಳಿದ. ಚೌತಿಯೊಳಗೆ ಮುಗಿಸಬೇಕು. ಹಬ್ಬದ ದಿನ ಇದರ ಕೆಳಗೇ ಊಟದ ಪಂಕ್ತಿ ಕೂರುತ್ತದೆ, ಅದಕ್ಕೇ ಕೇಳುತ್ತಿರುವುದು.

ಸೈಟ್_ಮೈಸೂರು

ಪೆಟ್ಟಿಗೆಯ ಸ್ಕ್ರೂ, ಪ್ಲಾಸ್ಟಿಕ್ ಗಿಟ್ಟಿ ಬಿಸಾಡಿ. ಎಂ10 (10 ಎಂಎಂ ದಪ್ಪದ) ಆಂಕರ್ ಫಾಸ್ಟನರ್ ತಂದು, 12 ಎಂಎಂ ಡ್ರಿಲ್ ಹಾಕಿ ಬಿಗಿಯಿರಿ. ಆರಾಮಾಗಿ ಹೊರುತ್ತದೆ. ನಮ್ಮ ಸೈಟ್‌ಗಳಲ್ಲೆಲ್ಲ ಅದೇ ಹಾಕೋದು.

ಬೆಳಕು_ಶಿವಮೊಗ್ಗ

ಮೇಲೆ ಹೇಳಿದ್ದು ಕಾಂಕ್ರೀಟ್ ಸ್ಲ್ಯಾಬಿಗೆ ಸರಿ, ನಿಮ್ಮ ಮನೆಗಲ್ಲ. ಆಂಕರ್ ನಿಲ್ಲುವುದೇ ಅದರ ಹೊರಗಿನ ಲೋಹದ ಕೊಳವೆ ತೂತಿನೊಳಗೆ ಹಿಗ್ಗಿ ತೂತಿನ ಬದಿಗಳನ್ನು ಒತ್ತುವುದರಿಂದ. ಮರದಲ್ಲಿ ಹಾಗೆ ಒತ್ತಿದರೆ ಒಂದೋ ಮರ ಎಳೆಯ ಉದ್ದಕ್ಕೆ ಸೀಳುತ್ತದೆ, ಇಲ್ಲವೇ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ತೊಲೆಗೆ ಆಂಕರ್ ಹಾಕಲೇಬೇಡಿ.

ಕಲ್ಯಾಣ ಮಂಟಪಗಳಿಗೆ, ಹಳೇ ಮನೆಗಳಿಗೆ ದೀಪ ಕಟ್ಟುವುದೇ ನನ್ನ ಹೊಟ್ಟೆಪಾಡು. ನೀವು ಪಂಕ್ತಿಯ ವಿಷಯ ಬರೆದಿದ್ದೀರಿ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಎಲ್ಲರೂ ಸರಪಳಿಯ ಬಗ್ಗೆಯೇ ಕೇಳುತ್ತಾರೆ. ನಾನು ನೋಡಿದ ಮಟ್ಟಿಗೆ ನಡುವಿನ ಸರಪಳಿ ಹರಿಯುವುದು ಕಡಿಮೆ. ಕೈಕೊಡುವುದು ಎರಡು ತುದಿ: ಮೇಲೆ ತೊಲೆಗೆ ಸೇರುವ ಜಾಗ, ಕೆಳಗೆ ದೀಪದ ತಲೆಗೆ ಸೇರುವ ಜಾಗ.

ಮೊದಲು ಅಡ್ಡ ಸರಪಳಿಯ ಯೋಚನೆ ಬಿಡಿ. 5 ಅಡಿ ಅಂತರದಲ್ಲಿ ಸರಪಳಿ ಕಟ್ಟಿ ನಡುವೆ 5 ಇಂಚು ಮಾತ್ರ ಇಳಿಬಿಟ್ಟಿರಿ ಅಂತಿಟ್ಟುಕೊಳ್ಳಿ. ದೀಪದ ತೂಕ 14 ಕೆಜಿ ಆದರೂ ಪ್ರತಿ ಬದಿಯ ಸರಪಳಿಯ ಮೇಲೆ ಬೀಳುವ ಎಳೆತ ಸುಮಾರು 42 ಕೆಜಿ. ಬಿಗಿ ಮಾಡಿದಷ್ಟೂ ಅದು ಏರುತ್ತದೆ. ಸಾಲದ್ದಕ್ಕೆ ಕೊಕ್ಕೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಉಯ್ಯಾಲೆ ಕೊಕ್ಕೆ ಇರುವುದು ಕೆಳಮುಖದ ಎಳೆತಕ್ಕೆ.

ಇನ್ನು ಆ ಕೊಕ್ಕೆಗಳು. ಜನ ಕೂತು ತೂಗಿದ ಉಯ್ಯಾಲೆಯನ್ನು ಹೊತ್ತ ಕೊಕ್ಕೆಗೆ 14 ಕೆಜಿ ಭಾರವೇ ಅಲ್ಲ. ಆದರೆ ಅದು ಹೊಸದಾಗಿದ್ದಾಗಿನ ಮಾತು. ಏಣಿ ಹತ್ತಿ ಕೊಕ್ಕೆಯ ಒಳಬಾಗು ನೋಡಿ, ಉಯ್ಯಾಲೆಯ ಬಳೆ ಉಜ್ಜುತ್ತಿದ್ದ ಜಾಗ. ಅಲ್ಲಿ ನಯವಾಗಿ ಹೊಳೆಯುವ ಒಂದು ತಗ್ಗು ಸಿಕ್ಕೇ ಸಿಗುತ್ತದೆ. ಬೆರಳು ಇಟ್ಟರೆ ಗೊತ್ತಾಗುತ್ತದೆ. ವರ್ನಿಯರ್‌ನಲ್ಲಿ ಆ ತಗ್ಗಿನ ದಪ್ಪ ಅಳೆಯಿರಿ, ಅದೇ ಕೊಕ್ಕೆಯ ಸವೆಯದ ಕಡೆಯೂ ಅಳೆಯಿರಿ. ಭಾರ ಎತ್ತುವ ಕೊಕ್ಕೆಗಳಲ್ಲಿ ಹತ್ತರಲ್ಲಿ ಒಂದು ಪಾಲು ಸವೆದರೆ ಬಳಕೆಯಿಂದ ತೆಗೆಯುವುದು ರೂಢಿ. ಮನೆಗೂ ಅದೇ ಅಳತೆ ಇಟ್ಟುಕೊಳ್ಳಿ.

ಆಮೇಲೆ ಅಟ್ಟಕ್ಕೆ ಹೋಗಿ. ಕೊಕ್ಕೆಯ ಕಾಲು ತೊಲೆಯನ್ನು ಹಾಯ್ದು ಮೇಲೆ ಬಂದು ತಗಡಿನ ಮೇಲೆ ಮಡಚಿಕೊಂಡಿದೆಯೋ, ಅಥವಾ ಮೊಳೆಯ ಹಾಗೆ ಕೆಳಗಿನಿಂದ ಬಡಿದಿದ್ದಾರೋ? ಹಾಯ್ದು ಬಂದಿದ್ದರೆ ನೆಮ್ಮದಿ. ಬಡಿದದ್ದಾಗಿದ್ದರೆ ಅದನ್ನು ನಂಬುವುದು ನನಗೆ ಇಷ್ಟವಿಲ್ಲ. ತೂತಿನ ಸುತ್ತ ಮರ ಕಪ್ಪಾಗಿದ್ದರೆ ತಕ್ಷಣ ಗಾಬರಿ ಬೇಡ. ಕಬ್ಬಿಣ, ಮರದ ಒಗರು, ತೇವ ಮೂರೂ ಸೇರಿದರೆ ಆ ಬಣ್ಣ ಬರುತ್ತದೆ. ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿ ನೋಡಿ. ಗಟ್ಟಿ ಇದ್ದರೆ ಸರಿ. ಮೊನೆ ಒಳಗೆ ಇಳಿದರೆ ಅಥವಾ ಪುಡಿ ಉದುರಿದರೆ ಗೆದ್ದಲು ಅಥವಾ ಕೊಳೆತ, ಆಗ ದೀಪದ ಮಾತು ಆಮೇಲೆ, ಮೊದಲು ಬಡಗಿಯನ್ನು ಕರೆಸಿ.

ಮಧ್ಯದಲ್ಲೇ ದೀಪ ಬೇಕಿದ್ದರೆ ಮಧ್ಯದಲ್ಲೇ ಹೊಸ ಕಣ್ಣುಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ಹಾಕಿಸಿ. ಎಂ10 ಸಾಕು. ತೊಲೆಯ ಅಗಲದ ನಡುವಿನಲ್ಲಿ, ಕೆಳಗಿನಿಂದ ಮೇಲಕ್ಕೆ 11 ಎಂಎಂ ತೂತು. ಮೇಲೆ 50 ಎಂಎಂ ಚೌಕದ ದಪ್ಪ ತಗಡು, ಅದರ ಮೇಲೆ ಎರಡು ನಟ್, ಒಂದಕ್ಕೊಂದು ಬಿಗಿಯಾಗಿ. ಬೋಲ್ಟಿನ ಕಣ್ಣು ಪೂರ್ತಿ ಮುಚ್ಚಿರಬೇಕು, ಸರಳನ್ನು ಬರೀ ಬಗ್ಗಿಸಿ ಬಿಟ್ಟದ್ದು ಬೇಡ, ಬೆಸುಗೆ ಹಾಕಿದ್ದೋ ಎರಕದ್ದೋ ಇರಲಿ. ಮೇಲಿನ ಹಲಗೆ ತೆಗೆಯಲು ಆಗುವುದಿಲ್ಲ ಅಂದರೆ ಮರಕ್ಕೇ ಮಾಡಿದ ದಪ್ಪ ಎಳೆಯ (ಥ್ರೆಡ್‌ನ) ಕಣ್ಣುಸ್ಕ್ರೂ, 10 ಎಂಎಂ ದಪ್ಪ, ಎಳೆ ಭಾಗವೇ ಕನಿಷ್ಠ 3 ಇಂಚು ಒಳಗೆ ಹೋಗುವಂಥದ್ದು. ಮೊದಲು 7 ಎಂಎಂ ತೂತು ಕೊರೆದು, ಎಳೆಗೆ ಸೋಪು ಸವರಿ ತಿರುಗಿಸಿ. ತೂತಿಲ್ಲದೆ ಸುತ್ತಿಗೆಯಿಂದ ಹೊಡೆದು ಕೂರಿಸುವವರನ್ನು ತೊಲೆಯ ಹತ್ತಿರ ಬಿಡಬೇಡಿ.

ಸರಪಳಿಗೆ ಅಯಸ್ಕಾಂತ ಅಂಟಿದ್ದಕ್ಕೆ ಬೇಸರ ಬೇಡ. ಕಬ್ಬಿಣ ಅಂದರೆ ಕೀಳಲ್ಲ. ನೋಡಬೇಕಾದ್ದು ಕೊಂಡಿ ಕೂಡುವ ಜಾಗ. ಪೆಟ್ಟಿಗೆಯ ಸರಪಳಿಯ ಒಂದು ಕೊಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಲ್ಲಿ ಉಗುರು ಸಿಕ್ಕಿಕೊಂಡರೆ ಅದು ಬಗ್ಗಿಸಿ ಬಿಟ್ಟ ಕೊಂಡಿ, ಬೆಸುಗೆ ಇಲ್ಲ. ಎರಡು ಮೂರು ಕೆಜಿಯ ದೀಪಕ್ಕೆ ನಡೆಯುತ್ತದೆ. 14 ಕೆಜಿಗೆ 4 ಎಂಎಂ ಕಂಬಿಯ, ಪ್ರತಿ ಕೊಂಡಿಗೂ ಬೆಸುಗೆ ಇರುವ ಸರಪಳಿ ತನ್ನಿ. ಅಂಗಡಿಯವ ತೋರಿಸುವ ಚೀಟಿಯಲ್ಲಿ ಹರಿಯುವ ಭಾರ (ಎಷ್ಟಕ್ಕೆ ತುಂಡಾಗುತ್ತದೆ ಅಂತ) ಬರೆದಿದ್ದರೆ ಐದರಿಂದ ಭಾಗಿಸಿ, ಬಂದದ್ದು 14ಕ್ಕಿಂತ ಹೆಚ್ಚಿರಬೇಕು. ಬಳಕೆಯ ಭಾರ ಅಂತಲೇ ಬರೆದಿದ್ದರೆ ಭಾಗಿಸುವುದು ಬೇಡ. ನಿಮ್ಮ ಕಡೆಯ ಮಳೆಗೆ ಬರೀ ಬಣ್ಣ ಬಳಿದದ್ದು ಕೊಂಡಿ ಕೊಂಡಿ ಉಜ್ಜುವಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸಿಕ್ಕಿದರೆ ಒಳ್ಳೆಯದು.

ಸರಪಳಿಯನ್ನು ಕಣ್ಣುಬೋಲ್ಟಿಗೆ ಸೇರಿಸಲು ಎಸ್ ಹುಕ್ ಕೊಡುತ್ತಾರೆ. ಬೇಡ. ಧೂಳು ಒರೆಸುವಾಗ ದೀಪವನ್ನು ಒಂದಿಷ್ಟು ಎತ್ತಿದರೂ ಅದು ಕಳಚಿಕೊಳ್ಳಬಹುದು. ಕ್ವಿಕ್ ಲಿಂಕ್ ಅಂತ ಕೇಳಿ, 5 ಎಂಎಂದು: ಪಕ್ಕದಲ್ಲಿ ಉದ್ದ ನಟ್ ಇರುವ ಕೊಂಡಿ. ನಟ್ ಕೆಳಮುಖವಾಗಿ ಮುಚ್ಚುವ ಹಾಗೆ ಹಾಕಿ, ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರ್‌ನಲ್ಲಿ ಇನ್ನೊಂದಿಷ್ಟು. ಡಿ ಶಾಕಲ್ (ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ) ಆದರೂ ಆದೀತು, ಆದರೆ ಅದರ ಪಿನ್ನಿಗೆ ತಂತಿ ಕಟ್ಟಬೇಕು.

ಈಗ ಕೆಳಗಿನ ತುದಿ. ಇದನ್ನು ಯಾರೂ ನೋಡುವುದಿಲ್ಲ. ದೀಪದ ನಡುವೆ ಒಂದು ಟೊಳ್ಳು ಕೊಳವೆ ಇರುತ್ತದೆ, ಸಾಮಾನ್ಯವಾಗಿ 10 ಎಂಎಂ ದಪ್ಪ, ಎಳೆಗಳ ಅಂತರ 1 ಎಂಎಂ. ಅದರ ತಲೆಗೆ ಒಂದು ಬಳೆ ತಿರುಗಿಸಿರುತ್ತಾರೆ. ಇಡೀ ದೀಪ ನಿಂತಿರುವುದು ಆ ಕೆಲವೇ ಸುತ್ತು ಎಳೆಯ ಮೇಲೆ. ಮನೆಯವರು ಗಾಜು ಒರೆಸುವಾಗ ದೀಪವನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸುತ್ತಾರೆ, ಅದು ಬಿಚ್ಚುವ ದಿಕ್ಕಾದರೆ ಪ್ರತಿ ಸಲ ಬಳೆ ಒಂದಿಷ್ಟು ಬಿಚ್ಚುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆದ್ದರಿಂದ ಬಳೆಯನ್ನು ಕೊನೆಯವರೆಗೂ ತಿರುಗಿಸಿ, ಕೆಳಗಿನಿಂದ ಒಂದು ಚಪ್ಪಟೆ ನಟ್ ತಂದು ಬಿಗಿಯಿರಿ, ಬಳೆಯ ಪಕ್ಕದಲ್ಲಿ ಸಣ್ಣ ಸ್ಕ್ರೂಗೆ ತೂತು ಇದ್ದರೆ ಅದನ್ನೂ ಬಿಗಿಯಿರಿ. ಬಳೆ ಹಗುರವಾಗಿ, ಬೂದು ಬಣ್ಣದ ಮೇಲೆ ಹಿತ್ತಾಳೆ ಲೇಪ ಕೊಟ್ಟಂತಿದ್ದರೆ ಅದು ಸತುವಿನ ಎರಕ. ಕಬ್ಬಿಣ ಬಗ್ಗಿ ಸೂಚನೆ ಕೊಡುತ್ತದೆ, ಈ ಎರಕ ಸೂಚನೆಯಿಲ್ಲದೆ ಮುರಿಯುತ್ತದೆ. ಗಟ್ಟಿ ಹಿತ್ತಾಳೆಯದೋ ಸ್ಟೀಲಿನದೋ ಬಳೆಗೆ ಬದಲಿಸಿ.

ವೈರ್: ಟೇಪ್ ಸುತ್ತುವುದು ಬೇಡ. ಮೂರೆಳೆಯ ವೈರನ್ನು ಮೂರು ನಾಲ್ಕು ಕೊಂಡಿಗೊಮ್ಮೆ ಒಳಗೆ ಹೊರಗೆ ಹಾಯಿಸುತ್ತಾ ಮೇಲೆ ಒಯ್ಯಿರಿ. ಸರಪಳಿಗಿಂತ ಉದ್ದ ಇರಲಿ, ಎಲ್ಲೂ ಬಿಗಿಯಾಗಿರಬಾರದು. ಒಂದು ಗ್ರಾಂ ಭಾರವೂ ವೈರಿನ ಮೇಲೆ ಬೀಳಬಾರದು. ವೈರಿನ ಜೋಡಣೆ ಮುಚ್ಚಿದ ಡಬ್ಬಿಯೊಳಗೆ ಇರಲಿ, ಬರೀ ಮರದ ಮೇಲೆ ಅಲ್ಲ. ಮೇಲಿನ ಹಿತ್ತಾಳೆ ಬಟ್ಟಲು ಇರುವುದು ಇದನ್ನೆಲ್ಲ ಮರೆಮಾಡಲು, ಅದಕ್ಕೆ ದೀಪದ ಭಾರ ಕೊಡಬೇಡಿ.

ಪಟ್ಟಿಬೋಲ್ಟ್_ಹುಬ್ಬಳ್ಳಿ

ಶಿವಮೊಗ್ಗದವರು ಹೇಳಿದ್ದು ಖರೇ ಅದ. ನಂದೊಂದು ಮಾತು ಸೇರಿಸ್ತೀನಿ. ತೊಲಿಗೆ ಕೆಳಗಿಂದ ತೂತು ಹಾಕೂದು ಬ್ಯಾಡ ಅನಿಸಿದ್ರ, 40 ಎಂಎಂ ಅಗಲ, 5 ಎಂಎಂ ದಪ್ಪದ ಕಬ್ಬಿಣ ಪಟ್ಟಿ ತಗೊಂಡು ತೊಲಿ ಅಳತಿಗೆ ಯು ಆಕಾರ ಬಗ್ಗಿಸ್ರಿ. ಕೆಳಗಿಂದ ಏರಿಸಿ, ಎರಡೂ ಮಗ್ಗಲಿಂದ ಅಡ್ಡ ಬೋಲ್ಟ್ ಹಾಯಿಸ್ರಿ, ತಳದಾಗ ಬಳಿ ಬೆಸುಗಿ ಮಾಡಸ್ರಿ. ಭಾರ ಅಡ್ಡ ಬೋಲ್ಟಿನ ಮ್ಯಾಲೆ ಕೂಡ್ತದ, ಎಳಿ ಕಿತ್ಕೊಂಡು ಬರೂ ಪ್ರಶ್ನೆನ ಇಲ್ಲ. ಅಡ್ಡ ಬೋಲ್ಟ್ ತೊಲಿ ಎತ್ತರದ ನಡುವ ಇರಲಿ, ತಳದ ಅಂಚಿಗೆ ಬ್ಯಾಡ. ಕರೀ ಬಣ್ಣ ಹಚ್ಚಿದ್ರ ಹಳೀ ಮನಿಗೆ ಛಲೋನೂ ಕಾಣ್ತದ.

ಜರ್ಸಿ_ಕನ್ನಡಿಗ

ಇಲ್ಲಿಂದ ಊರಿಗೆ ದೀಪ ಒಯ್ಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ದೀಪಗಳ ಕೊಳವೆಯ ಎಳೆ ಇಂಚಿಗೆ 27, ದಪ್ಪ 10 ಎಂಎಂಗಿಂತ ಕೂದಲಷ್ಟು ಹೆಚ್ಚು. ಭಾರತದ 10 ಎಂಎಂ ಬಳೆ ಅದಕ್ಕೆ ಒಂದೆರಡು ಸುತ್ತು ಹತ್ತಿದಂತೆ ಮಾಡಿ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಅಂದುಕೊಂಡು ಬಿಡಬೇಡಿ, ಬಳೆ ಕೊಳವೆ ಎರಡೂ ಒಂದೇ ಕಡೆಯದ್ದಿರಲಿ. ಇಲ್ಲಿಯ ನಿಯಮದಲ್ಲಿ ದೀಪದ ತೂಕ 50 ಪೌಂಡ್, ಅಂದರೆ 23 ಕೆಜಿ ದಾಟಿದರೆ, ಅಷ್ಟು ಭಾರಕ್ಕೆಂದೇ ಮಾಡಿದ ವೈರ್ ಡಬ್ಬಿ ಇಲ್ಲದಿದ್ದರೆ ಬೇರೆಯೇ ಆಧಾರ ಕೊಡಬೇಕು.

ನಡುಮನೆ_ಶಿರಸಿ

ಎಲ್ಲರಿಗೂ ಧನ್ಯವಾದ. ಅಟ್ಟ ಹತ್ತಿ ನೋಡಿದೆ. ಎರಡೂ ಕೊಕ್ಕೆ ತೊಲೆ ಹಾಯ್ದು ಬಂದು ತಗಡಿನ ಮೇಲೆ ಮಡಚಿವೆ, ಮರ ಗಟ್ಟಿ. ಆದರೆ ಪೂರ್ವದ ಕಡೆಯದು ಒಳಬಾಗಿನಲ್ಲಿ ಸವೆದಿದೆ: ಬೇರೆ ಕಡೆ 16 ಎಂಎಂ, ಅಲ್ಲಿ 13. ಹುಬ್ಬಳ್ಳಿಯವರ ಪಟ್ಟಿ ಮಾಡಿಸುತ್ತೇನೆ, ಅಮ್ಮನಿಗೂ ಅದೇ ಇಷ್ಟವಾಯಿತು. ಬಳೆ ನೋಡಿದೆ, ಬೂದು ಎರಕವೇ. ಕಟ್ಟಿದ ಮೇಲೆ ಪರೀಕ್ಷೆ ಹೇಗೆ? ಸರಪಳಿ ಎಷ್ಟು ಉದ್ದ ಬಿಡಲಿ?

ಬೆಳಕು_ಶಿವಮೊಗ್ಗ

16ಕ್ಕೆ 13 ಅಂದರೆ ಆ ಕೊಕ್ಕೆಯ ಕೆಲಸ ಮುಗಿಯಿತು. ಮುಂದೆ ಯಾರಾದರೂ ಮತ್ತೆ ತೂಗುಮಂಚ ಕಟ್ಟುತ್ತೇನೆ ಅಂದರೂ ಅದಕ್ಕೆ ಕಟ್ಟಲು ಬಿಡಬೇಡಿ. ಈಗಲೇ ಕತ್ತರಿಸಿ ತೆಗೆಸಿದರೆ ಇನ್ನೂ ಒಳ್ಳೆಯದು.

ಉದ್ದ: ದೀಪದ ತಳ ನೆಲದಿಂದ 7 ಅಡಿ ಇರಲಿ, ಓಡಾಡುವವರ ತಲೆಗೆ ತಾಗದು. ತೊಲೆಯ ತಳ 10 ಅಡಿ, ದೀಪ 2 ಅಡಿ. ಪಟ್ಟಿ, ಬಳೆ, ಕ್ವಿಕ್ ಲಿಂಕ್ ಎಲ್ಲ ಸೇರಿ ನಡುವೆ ಉಳಿಯುವುದು 1 ಅಡಿ. ಬೆಸುಗೆಯ ಕೊಂಡಿಯನ್ನು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು, ಹಾಗಾಗಿ ಮೊದಲು ಹಗ್ಗ ಕಟ್ಟಿ ಅಮ್ಮನಿಗೆ ಎತ್ತರ ತೋರಿಸಿ ಒಪ್ಪಿಗೆ ಪಡೆದು ಆಮೇಲೆ ಕತ್ತರಿಸಿ.

ಪರೀಕ್ಷೆಗೆ 20 ಲೀಟರಿನ ಎರಡು ನೀರಿನ ಕ್ಯಾನ್ ಸಾಕು, ತುಂಬಿದರೆ 40 ಕೆಜಿ ದಾಟುತ್ತದೆ. ದೀಪ ಕಟ್ಟುವ ಮೊದಲು, ಅದೇ ಸರಪಳಿ ಅದೇ ಕ್ವಿಕ್ ಲಿಂಕಿಗೆ ಗಟ್ಟಿ ಹಗ್ಗದಲ್ಲಿ ಕ್ಯಾನ್ ತೂಗಿಸಿ. ನೆಲದಿಂದ ಎರಡು ಇಂಚು ಮಾತ್ರ ಮೇಲಿರಲಿ, ಕೆಳಗೆ ಗೋಣಿ ಹಾಸಿ. ಪಟ್ಟಿಯ ಅಂಚು ತೊಲೆಗೆ ತಾಗುವಲ್ಲಿ ಪೆನ್ಸಿಲ್ ಗೆರೆ ಎಳೆದಿಡಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೆರೆ ಕದಲಿರಬಾರದು, ಕೊಂಡಿಗಳಲ್ಲಿ ಒಂದೂ ಉದ್ದವಾಗಿರಬಾರದು.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೆ ಹಳೇ ಮನೆ ಅಂದ ಕೂಡಲೇ ನನಗೆ ಚಿಂತೆಯಾಗುವುದು ಅದೇ. ಹಿತ್ತಾಳೆ ದೀಪದ ಮೈಗೆ ಅರ್ತ್ ಬೇಕೇ ಬೇಕು, ಮೂರೆಳೆಯ ವೈರ್ ಹೇಳಿದ್ದು ಅದಕ್ಕೆ. ಹಳೇ ವೈರಿಂಗ್‌ನಲ್ಲಿ ಎಷ್ಟೋ ಕಡೆ ಬರೀ ಎರಡು ಎಳೆ ಇರುತ್ತದೆ, ಹಸಿರು ವೈರ್ ಇದ್ದರೂ ಅದು ಅಂಗಳದ ಇದ್ದಿಲು ಉಪ್ಪಿನ ಗುಂಡಿಯವರೆಗೆ ಮುಟ್ಟಿರುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮನೆಗೆ ಇಲ್ಲದಿದ್ದರೆ ಅದನ್ನೂ ಹಾಕಿಸಿ. ಚೌತಿಯೊಳಗೆ ಅರ್ತ್ ಸರಿಹೋಗದಿದ್ದರೆ ದೀಪ ಕಟ್ಟಿ, ಆದರೆ ಸ್ವಿಚ್ಚಿಗೆ ಜೋಡಿಸಬೇಡಿ.