ಏರಿನಲ್ಲಿ ಸೋಲುವ ಎಟಿವಿ: ಜಮೀನಿನ ಗಾಡಿಯ ಬಗ್ಗೆ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ. ಜಮೀನಿನ ಕೆಲಸಕ್ಕೆ ಬಳಸುವ ನಮ್ಮ ಎಟಿವಿಯ (ಕೆಸರು, ಏರುತಗ್ಗಿನಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿಯ) ಬಗ್ಗೆ ಗುಂಪಿನಲ್ಲಿರುವ ಮೆಕ್ಯಾನಿಕ್ ಅವರ ಸಲಹೆ ಬೇಕಾಗಿದೆ. ಗಾಡಿ ಎಂಟು ವರ್ಷ ಹಳೆಯದು. ಒಂದೇ ಸಿಲಿಂಡರಿನ, ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ) ಇರುವ ಇಂಜಿನ್, ಬೆಲ್ಟಿನಿಂದ ಓಡುವ ಆಟೋಮ್ಯಾಟಿಕ್ ಮಾದರಿ. ಮೇವು ಸಾಗಿಸುವುದು, ಬೇಲಿ ಕಂಬ ಒಯ್ಯುವುದು, ಸಣ್ಣ ಟ್ರೇಲರ್ ಎಳೆಯುವುದು ಅದರ ಕೆಲಸ. ಎರಡು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಚೋಕ್ ಎಳೆದು ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತದೆ, ಖಾಲಿ ಓಡಿಸಿದರೆ ಪರವಾಗಿಲ್ಲ ಎನಿಸುತ್ತದೆ, ಆದರೆ ಟ್ರೇಲರ್ ಕಟ್ಟಿ ಏರು ಹತ್ತಿಸಿದರೆ ಅರ್ಧದಲ್ಲೇ ಸೋತುಹೋಗುತ್ತದೆ. ಪರಿಚಯದವರೊಬ್ಬರ ಮಾತು ಕೇಳಿ ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಬೆಲ್ಟ್ ಬದಲಿಸಿದೆ. ಎರಡರಿಂದಲೂ ಪ್ರಯೋಜನವಾಗಲಿಲ್ಲ. ಈಗ ಕಾರ್ಬ್ಯುರೇಟರನ್ನೇ ಹೊಸದು ಹಾಕಿಸಬೇಕೆ?

ಮೆಕ್ಯಾನಿಕ್: ಹೊಸ ಕಾರ್ಬ್ಯುರೇಟರ್ ಸದ್ಯಕ್ಕೆ ಬೇಡ. ಒಂದು ಬಿಡಿಭಾಗ ಬದಲಿಸಿ ನೋಡೋಣ, ಆಗದಿದ್ದರೆ ಮತ್ತೊಂದು ಎಂದು ಹೊರಟರೆ ಹಣ ಕರಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ‘ಏರಿನಲ್ಲಿ ಸೋಲುತ್ತದೆ’ ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿರಬಹುದು. ಇಂಜಿನ್ ಜೋರಾಗಿ ಕೂಗುತ್ತಿದ್ದರೂ ಗಾಡಿ ಮುಂದೆ ಹೋಗುತ್ತಿಲ್ಲ ಎಂದಾದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಸುಟ್ಟ ರಬ್ಬರಿನ ವಾಸನೆಯೂ ಸಾಮಾನ್ಯವಾಗಿ ಜೊತೆಗಿರುತ್ತದೆ. ಹಾಗಲ್ಲದೆ ಹೆಬ್ಬೆರಳಿನಿಂದ ಆಕ್ಸಲರೇಟರ್ ಎಷ್ಟು ಒತ್ತಿದರೂ ಇಂಜಿನ್ನಿನ ಸದ್ದೇ ಏರದೆ, ಉಸಿರು ಕಟ್ಟಿದಂತೆ ಮುಗ್ಗರಿಸುತ್ತಿದ್ದರೆ ಪೆಟ್ರೋಲ್, ಗಾಳಿ ಅಥವಾ ಹಿಡಿದುಕೊಂಡಿರುವ ಬ್ರೇಕ್ ಇವುಗಳಲ್ಲಿ ಒಂದನ್ನು ಅನುಮಾನಿಸಬೇಕು.

ನೀವು ಎರಡು ಪರೀಕ್ಷೆ ಮಾಡಿ ಬರೆಯಿರಿ. ಮೊದಲನೆಯದಾಗಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಗಾಡಿ ಉರುಳದಂತೆ ಭದ್ರಪಡಿಸಿ, ಚಕ್ರಗಳನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ ಬ್ರೇಕ್ ಸವರುತ್ತಿದೆಯೇ ನೋಡಿ. ಎರಡನೆಯದಾಗಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದೇ ಏರಿನಲ್ಲಿ ಗಾಡಿ ಸೋಲತೊಡಗಿದಾಗ ಚೋಕನ್ನು ಅರ್ಧ ಎಳೆದು ನೋಡಿ. ಚೋಕ್ ಎಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು ಹೋಗುವಂತೆ ಮಾಡುವ ವ್ಯವಸ್ಥೆ. ಚೋಕ್ ಎಳೆದಾಗ ಎಳೆತ ಸುಧಾರಿಸಿದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ; ಇನ್ನಷ್ಟು ಕೆಟ್ಟರೆ ಈಗಾಗಲೇ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ.

ಪ್ರಶ್ನೆ ಕೇಳಿದವರು: ಚಕ್ರಗಳು ಸರಾಗವಾಗಿ ತಿರುಗುತ್ತವೆ. ಏರಿನಲ್ಲಿ ಇಂಜಿನ್ನಿನ ಸದ್ದು ಏರುವುದೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಆಕ್ಸಲರೇಟರ್ ಕೊಟ್ಟ ಕೂಡಲೇ ತಡವರಿಸುತ್ತದೆ. ಚೋಕ್ ಅರ್ಧ ಎಳೆದಾಗ ಸ್ಪಷ್ಟವಾಗಿ ಬಲ ಬಂತು, ಟ್ರೇಲರ್ ಸಮೇತ ಏರನ್ನು ದಾಟಿದೆ.

ಮೆಕ್ಯಾನಿಕ್: ಹಾಗಿದ್ದರೆ ಬೆಲ್ಟ್ ನಿರಪರಾಧಿ. ಇಂಜಿನ್ ಪೆಟ್ರೋಲಿಗಾಗಿ ಬಾಯಿ ಬಿಡುತ್ತಿದೆ. ಇನ್ನು ಟ್ಯಾಂಕಿನ ಮುಚ್ಚಳದಿಂದ ಆರಂಭಿಸಿ, ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆ ತುಣುಕಾದ ಜೆಟ್‌ವರೆಗೆ ಪೆಟ್ರೋಲ್ ಬರುವ ದಾರಿಯಲ್ಲೇ ನಡೆದು ಹುಡುಕಬೇಕು.

ಟ್ಯಾಂಕಿನೊಳಗೆ ಪೆಟ್ರೋಲ್ ಇಳಿದಂತೆ ಅಷ್ಟು ಗಾಳಿ ಒಳಗೆ ಬರಬೇಕು. ಆ ಗಾಳಿಯ ರಂಧ್ರ ಅಥವಾ ಕೊಳವೆ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಹರಿಯುವುದು ನಿಧಾನವಾಗುತ್ತದೆ. ಗಾಡಿ ಸೋತ ಜಾಗದಲ್ಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಮುಚ್ಚಳ ತೆರೆಯಿರಿ; ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ ದೋಷ ಅಲ್ಲಿಯೇ ಇದೆ. ಸದ್ದು ಬರದಿದ್ದರೆ ಮುಂದಕ್ಕೆ ಹೋಗಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಹತ್ತಿರದಲ್ಲಿ ಬೆಂಕಿಯಾಗಲಿ ಕಿಡಿಯಾಗಲಿ ಇಲ್ಲದಂತೆ ನೋಡಿಕೊಂಡು ಈ ಕೆಲಸ ಮಾಡಿ: ಕಾರ್ಬ್ಯುರೇಟರಿನ ತಳದ ಬಟ್ಟಲಿಗೆ ಒಂದು ಸಣ್ಣ ಡ್ರೈನ್ ಸ್ಕ್ರೂ ಇರುತ್ತದೆ, ಅದರ ಕೊಳವೆಯನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ಇಳಿಬಿಟ್ಟು ಸ್ಕ್ರೂ ಸಡಿಲಿಸಿ. ಬಟ್ಟಲಿನಲ್ಲಿದ್ದದ್ದು ಮೊದಲು ಸುರಿದುಹೋಗುತ್ತದೆ. ಆಮೇಲೂ ಧಾರೆ ಒಂದೇ ಸಮ ಬರುತ್ತಿದ್ದರೆ ಟ್ಯಾಂಕಿನಿಂದ ಅಲ್ಲಿಯವರೆಗಿನ ದಾರಿ ಸರಿಯಿದೆ, ತೊಟ್ಟಿಕ್ಕತೊಡಗಿದರೆ ಪೆಟ್ರೋಲಿನ ನಲ್ಲಿಯ ಜಾಲರಿ, ಫಿಲ್ಟರ್, ಮಡಚಿಹೋದ ಕೊಳವೆ ಅಥವಾ ಅಂಟಿಕೊಂಡ ಫ್ಲೋಟ್ ವಾಲ್ವ್ (ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಕವಾಟ) ತಡೆಯುತ್ತಿದೆ. ಬಾಟಲಿಯನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದು ಬೇರೆಯಾಗಿ ಕಾಣಿಸುತ್ತದೆ.

ಪ್ರಶ್ನೆ ಕೇಳಿದವರು: ಮುಚ್ಚಳ ತೆರೆದಾಗ ಸದ್ದು ಬರಲಿಲ್ಲ. ಧಾರೆ ಚೆನ್ನಾಗಿಯೇ ಬಂತು. ಆದರೆ ಬಾಟಲಿಯ ತಳದಲ್ಲಿ ಪಾರದರ್ಶಕ ಗುಳ್ಳೆಗಳಂತೆ ನಾಲ್ಕೈದು ದೊಡ್ಡ ಹನಿಗಳು ಉರುಳಾಡುತ್ತಿವೆ, ಅವುಗಳ ಸುತ್ತ ಕಂದು ಬಣ್ಣದ ನುಣುಪಾದ ಪುಡಿ ಕೂತಿದೆ.

ಮೆಕ್ಯಾನಿಕ್: ಆ ಹನಿಗಳು ನೀರು, ಆ ಪುಡಿ ಹೆಚ್ಚುಕಡಿಮೆ ತುಕ್ಕು. ನಿಮ್ಮ ಗಾಡಿಯ ಮೇನ್ ಜೆಟ್ ಅರ್ಧ ಮುಚ್ಚಿಹೋಗಿರುವ ಸಾಧ್ಯತೆ ಬಹಳ. ಖಾಲಿ ಓಡುವಾಗ ಪೈಲಟ್ ಜೆಟ್‌ನಿಂದ ಬರುವ ಅಲ್ಪ ಪೆಟ್ರೋಲೇ ಹೆಚ್ಚಿನ ಕೆಲಸ ಮಾಡುತ್ತದೆ, ಹೊರೆ ಬಿದ್ದು ಆಕ್ಸಲರೇಟರ್ ತೆರೆದಾಗ ಮಾತ್ರ ಮೇನ್ ಜೆಟ್ ಪೂರ್ತಿ ಕೊಡಬೇಕಾಗುತ್ತದೆ. ಅದಕ್ಕಾಗಿಯೇ ದೋಷ ಏರಿನಲ್ಲಿ ಬಯಲಾಗುತ್ತಿದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹೊತ್ತು ಹಿಡಿಯುವುದನ್ನು ನೋಡಿದರೆ ಪೈಲಟ್ ಜೆಟ್ಟಿನಲ್ಲೂ ಕೊಳೆ ಸೇರಿರಬಹುದು.

ಕಾರ್ಬ್ಯುರೇಟರ್ ಬಿಚ್ಚಿ, ಎರಡೂ ಜೆಟ್‌ಗಳನ್ನು ತೆಗೆದು, ಕ್ಲೀನರ್ ಸಿಂಪಡಿಸಿ, ಗಾಳಿ ಊದಿ ಬೆಳಕಿಗೆ ಹಿಡಿದು ನೋಡಿ. ರಂಧ್ರ ಅಂಚು ಮಸುಕಿಲ್ಲದೆ ದುಂಡಗೆ ಕಾಣಬೇಕು. ದಯವಿಟ್ಟು ಸೂಜಿಯನ್ನಾಗಲಿ ಉಕ್ಕಿನ ತಂತಿಯನ್ನಾಗಲಿ ಒಳಗೆ ತೂರಿಸಬೇಡಿ. ಹಿತ್ತಾಳೆ ಮೃದುವಾದ ಲೋಹ, ಗೀರಿದರೆ ರಂಧ್ರ ದೊಡ್ಡದಾಗಿ ಪೆಟ್ರೋಲಿನ ಅಳತೆ ಶಾಶ್ವತವಾಗಿ ತಪ್ಪುತ್ತದೆ. ಕಾರ್ಬ್ಯುರೇಟರಿನ ಮೇಲಿನ ಮುಚ್ಚಳದಡಿ ರಬ್ಬರಿನ ಡಯಾಫ್ರಮ್ (ತೆಳು ಪೊರೆ) ಇರುವ ಮಾದರಿಯಾದರೆ ಕ್ಲೀನರ್ ಹಾಕುವ ಮುನ್ನ ಅದನ್ನು ಹೊರತೆಗೆದಿಡಿ, ಏಕೆಂದರೆ ಕ್ಲೀನರ್ ತಗುಲಿದ ರಬ್ಬರ್ ಉಬ್ಬುತ್ತದೆ. ತೆಗೆದಾಗಲೇ ಅದನ್ನು ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಹೊರೆಯಲ್ಲಿ ಗಾಡಿ ಸೋಲುತ್ತದೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ.

ಕಾರ್ಬ್ಯುರೇಟರ್ ಬಿಚ್ಚಿರುವಾಗಲೇ ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ನೋಡಿ. ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಬೆರಳಿನಿಂದ ಒರೆಸಿ. ಬೆರಳಿಗೆ ಮಣ್ಣು ಹತ್ತಿದರೆ ದೂಳು ಫಿಲ್ಟರನ್ನು ದಾಟಿ ಒಳಹೋಗುತ್ತಿದೆ, ಇಂಜಿನ್ನಿನ ಆಯುಸ್ಸು ಪ್ರತಿದಿನ ಸವೆಯುತ್ತಿದೆ. ಮೇವು ಸಾಗಿಸುವ ಗಾಡಿಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಳವಳಪಡುವುದು ಈ ಒಂದು ವಿಷಯಕ್ಕೆ. ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು, ತಿರುಚದೆ ಒತ್ತಿ ಹಿಂಡಿ, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಹಿಂಡಿ ಕೂರಿಸಬೇಕು. ಎಣ್ಣೆಯಿಲ್ಲದ ಸ್ಪಂಜು ನುಣುಪು ದೂಳನ್ನು ತಡೆಯಲಾರದು. ಕಾಗದದ ಫಿಲ್ಟರನ್ನು ಮಾತ್ರ ತೊಳೆಯಬಾರದು, ಬದಲಿಸಬೇಕು.

ಕೊನೆಯದಾಗಿ ಒಂದು ಪ್ರಶ್ನೆ: ನಿಮ್ಮ ಗಾಡಿಯ ಪೆಟ್ರೋಲ್ ಟ್ಯಾಂಕ್ ಪ್ಲಾಸ್ಟಿಕ್ಕಿನದೋ, ಕಬ್ಬಿಣದ್ದೋ?

ಇನ್ನೊಬ್ಬ ಸದಸ್ಯರು: ನಮ್ಮ ಎಟಿವಿಯಲ್ಲಿ ಸೆಲ್ಫ್ ಒತ್ತಿದರೆ ಟಕ್ ಎನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಒಂದು ವರ್ಷದೊಳಗೆ ಇದು ಎರಡನೇ ಬ್ಯಾಟರಿ. ಬ್ಯಾಟರಿಯೇ ಕಳಪೆಯೋ ಅಥವಾ ಗಾಡಿಯಲ್ಲಿ ದೋಷವೋ?

ಮೆಕ್ಯಾನಿಕ್: ಎರಡನೇ ಬ್ಯಾಟರಿಯೂ ಸೋತಿದೆ ಎಂದರೆ ನಾನು ಮೊದಲು ಗಾಡಿಯನ್ನೇ ಪರೀಕ್ಷಿಸುತ್ತೇನೆ. ಇದಕ್ಕೆ ಸಾಧಾರಣ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಸಾಕು. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. ಸೆಲ್ಫ್ ಒತ್ತಿ ಹಿಡಿದಾಗ ಅದು 9.5 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ ಬ್ಯಾಟರಿ ದುರ್ಬಲವಾಗಿರಬಹುದು. ಕುಸಿಯದೆ ನಿಂತಿದ್ದೂ ಇಂಜಿನ್ ತಿರುಗದಿದ್ದರೆ ಕರೆಂಟ್ ದಾರಿಯಲ್ಲಿ ಎಲ್ಲೋ ತಡೆಯುತ್ತಿದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಇಟ್ಟು ಸೆಲ್ಫ್ ಒತ್ತಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವೈರಿನ ತುದಿಯಲ್ಲಿ ತುಕ್ಕು ಅಥವಾ ಸಡಿಲ ಬೋಲ್ಟ್ ಇದೆ. ಕೆಸರಿನಲ್ಲಿ ಓಡಾಡುವ ಗಾಡಿಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಉಜ್ಜಿ ಬಿಗಿ ಮಾಡಿದರೆ ಮುಗಿಯಿತು. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು ತೆಗೆಯಿರಿ, ಜೋಡಿಸುವಾಗ ಮೈನಸ್ ಕೊನೆಗೆ ಹಾಕಿ.

ಇಂಜಿನ್ ಓಡುತ್ತಿರುವಾಗ, ಸ್ವಲ್ಪ ಆಕ್ಸಲರೇಟರ್ ಕೊಟ್ಟು ನೋಡಿದರೆ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಚಾರ್ಜಿಂಗ್ ಕಾಯಿಲ್ ಅಥವಾ ರೆಗ್ಯುಲೇಟರ್ (ಬ್ಯಾಟರಿಗೆ ಹೋಗುವ ವೋಲ್ಟ್ ನಿಯಂತ್ರಿಸುವ ಭಾಗ) ನೋಡಬೇಕು. ಇದ್ದರೆ ನಿಮ್ಮ ಬಳಕೆಯ ರೀತಿಯನ್ನು ಯೋಚಿಸಿ. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ ಪ್ರತಿ ಸಲ ಎರಡೇ ನಿಮಿಷ ಓಡಿಸಿದರೆ ಸೆಲ್ಫ್ ಎಳೆದುಕೊಂಡ ಕರೆಂಟ್ ವಾಪಸ್ ತುಂಬುವುದಿಲ್ಲ, ಅದರ ಮೇಲೆ ವಿಂಚ್ (ಭಾರ ಎಳೆಯುವ ಮೋಟಾರ್ ರಾಟೆ) ಅಥವಾ ಸ್ಪ್ರೇ ಪಂಪ್ ಕೂಡ ಅದೇ ಬ್ಯಾಟರಿಯಿಂದ ಓಡಿದರೆ ಅರ್ಧ ಖಾಲಿಯಾಗಿಯೇ ಉಳಿದು ಬೇಗ ಸಾಯುತ್ತದೆ. ವಾರಕ್ಕೊಮ್ಮೆ ರಾತ್ರಿ ಸಣ್ಣ ಆಟೋಮ್ಯಾಟಿಕ್ ಚಾರ್ಜರಿಗೆ ಹಾಕಿಡುವುದು ಇದಕ್ಕೆ ಸರಿಯಾದ ಪರಿಹಾರ.

ಮತ್ತೊಬ್ಬ ಸದಸ್ಯರು: ಹಳ್ಳ ದಾಟುವಾಗ ಗಾಡಿ ನೀರಿನಲ್ಲಿ ಆಫ್ ಆಯಿತು. ತಳ್ಳಿ ದಡಕ್ಕೆ ತಂದಿದ್ದೇವೆ. ಸ್ಟಾರ್ಟ್ ಮಾಡಬಹುದೇ?

ಮೆಕ್ಯಾನಿಕ್: ಈಗಲೇ ಸೆಲ್ಫ್ ಮುಟ್ಟಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದು, ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ರಂಧ್ರದಿಂದ ದೂರ ಕಟ್ಟಿ, ಏರ್ ಫಿಲ್ಟರ್ ಪೆಟ್ಟಿಗೆಯ ನೀರು ಬಸಿದು, ಆಮೇಲೆ ಇಂಜಿನ್ ತಿರುಗಿಸಿ ನೀರು ಹೊರಹಾಕಿ; ರಂಧ್ರದ ನೇರಕ್ಕೆ ಯಾರೂ ಮುಖವಿಡಬಾರದು. ಇಂಜಿನ್ ಆಯಿಲ್ ಹಾಲು ಬೆರೆತಂತೆ ಬಿಳಿಚಿದ್ದರೆ ಬದಲಿಸದೆ ಓಡಿಸಬಾರದು, ಬದಲಿಸಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೆ ಬಿಳಿಚಿದರೆ ಇನ್ನೊಮ್ಮೆ ಬದಲಿಸಬೇಕು. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಆಯಿಲನ್ನೂ ಹಾಗೆಯೇ ನೋಡಿ. ಬೆಲ್ಟಿನ ಪೆಟ್ಟಿಗೆಯ ಕೆಳಗಿನ ಡ್ರೈನ್ ಪ್ಲಗ್ ತೆಗೆದು ನೀರು ಬಸಿಯಿರಿ. ಬೆಲ್ಟ್ ಒದ್ದೆಯಿದ್ದರೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿದರೆ ಒಣಗುತ್ತದೆ.

ಇನ್ನೊಬ್ಬ ಸದಸ್ಯರು: ನಮ್ಮ ಗಾಡಿ ಎರಡು ವರ್ಷದಲ್ಲಿ ಓಡಿರುವುದು ಬಹಳ ಕಡಿಮೆ ಕಿಲೋಮೀಟರ್. ಆಯಿಲ್ ಬದಲಿಸಬೇಕೇ? ಹಿಂದಿನ ಕ್ಯಾರಿಯರ್ ಮೇಲೆ 100 ಲೀಟರಿನ ಸ್ಪ್ರೇ ಟ್ಯಾಂಕ್ ಇಡಬಹುದೇ?

ಮೆಕ್ಯಾನಿಕ್: ಜಮೀನಿನ ಗಾಡಿಯನ್ನು ಕಿಲೋಮೀಟರಿನಿಂದ ಅಳೆಯಬಾರದು, ಇಂಜಿನ್ ಓಡಿದ ಗಂಟೆಗಳಿಂದ ಅಳೆಯಬೇಕು. ಬೇಲಿ ಗುಂಟ ನಡಿಗೆಯ ವೇಗದಲ್ಲಿ ಮೂರು ಗಂಟೆ ತೆವಳಿದರೂ ಕಿಲೋಮೀಟರ್ ಮೀಟರ್ ಅಷ್ಟಾಗಿ ಕದಲುವುದಿಲ್ಲ. ಕೈಪಿಡಿಯಲ್ಲಿ ಮಾಮೂಲಿ ಬಳಕೆಗೆ ಎಂದು ಕೊಟ್ಟಿರುವ ಗಂಟೆಗಳನ್ನು ಕೆಸರು, ದೂಳು, ಹೊರೆ, ಚಿಕ್ಕ ಚಿಕ್ಕ ಓಟ ಇರುವಲ್ಲಿ ಅರ್ಧಕ್ಕೆ ಇಳಿಸಿಕೊಳ್ಳಿ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ. ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಆಗುತ್ತಿದ್ದರೆ ತೇವಾಂಶ ಆಯಿಲಿನಲ್ಲೇ ಉಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದು ಕಂಡರೆ ಪೆಟ್ರೋಲ್ ಅಥವಾ ನೀರು ಸೇರಿದೆ ಎಂದು ತಿಳಿಯಿರಿ.

ಟ್ಯಾಂಕಿನ ವಿಷಯದಲ್ಲಿ ಲೆಕ್ಕ ಸರಳವಾಗಿದೆ. 100 ಲೀಟರ್ ನೀರೇ 100 ಕಿಲೋ, ಟ್ಯಾಂಕ್ ಮತ್ತು ಪಂಪಿನ ತೂಕ ಬೇರೆ. ಗಾಡಿಗೆ ಅಂಟಿಸಿರುವ ಚೀಟಿಯಲ್ಲಿ ಕ್ಯಾರಿಯರಿನ ಮಿತಿ ಎಷ್ಟೆಂದು ಬರೆದಿರುತ್ತದೆ, ಅದನ್ನು ಮೀರಬೇಡಿ. ಅರ್ಧ ತುಂಬಿದ ಟ್ಯಾಂಕ್ ಇಳಿಜಾರಿನಲ್ಲಿ ಇನ್ನೂ ಅಪಾಯಕಾರಿ, ಒಳಗಿನ ನೀರು ಒಂದೇ ಬದಿಗೆ ನುಗ್ಗಿ ಗಾಡಿಯನ್ನು ಮಗುಚಬಲ್ಲದು. ಭಾರವಾದದ್ದನ್ನು ಎಳೆಯುವುದಾದರೆ ಹಗ್ಗವನ್ನು ಹಿಂದಿನ ಹುಕ್ಕಿಗೇ ಕಟ್ಟಿ, ಎತ್ತರದಲ್ಲಿರುವ ಕ್ಯಾರಿಯರಿಗೆ ಕಟ್ಟಿದರೆ ಗಾಡಿ ಹಿಂದಕ್ಕೆ ಎದ್ದು ಸವಾರನ ಮೇಲೆ ಬೀಳುತ್ತದೆ. ಹೊರೆ ಇರುವಾಗ ‘ಲೋ’ ಗೇರ್ ಬಳಸಿ. ಬೆಲ್ಟ್ ಸುಡುವುದು ಬಹುತೇಕ ‘ಹೈ’ನಲ್ಲಿ ತೆವಳುವುದರಿಂದ. ಟೈರಿನ ಗಾಳಿಯನ್ನೂ ಗಮನಿಸಿ: ಅನೇಕ ಎಟಿವಿಗಳಿಗೆ ಹೇಳಿರುವುದು 3ರಿಂದ 7 ಪಿಎಸ್‌ಐ ಮಾತ್ರ. ಕಾರಿನ ಟೈರಿನ ಗೇಜಿನಲ್ಲಿ ಅಷ್ಟು ಕಡಿಮೆ ಒತ್ತಡ ಸರಿಯಾಗಿ ಗೊತ್ತಾಗದು, ಕಡಿಮೆ ಒತ್ತಡದ ಗೇಜ್ ಪ್ರತ್ಯೇಕವಾಗಿ ಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು: ಜೆಟ್ ಬಿಚ್ಚಿ ನೋಡಿದಾಗ ಮೇನ್ ಜೆಟ್ಟಿನ ರಂಧ್ರ ಅರ್ಧಚಂದ್ರದಂತೆ ಕಂಡಿತು, ತೊಳೆದ ಮೇಲೆ ದುಂಡಗಾಯಿತು. ಈಗ ಚೋಕ್ ಇಲ್ಲದೆ ಟ್ರೇಲರ್ ಸಮೇತ ಏರು ಹತ್ತುತ್ತದೆ. ಟ್ಯಾಂಕ್ ಪ್ಲಾಸ್ಟಿಕ್ಕಿನದು.

ಮೆಕ್ಯಾನಿಕ್: ಪ್ಲಾಸ್ಟಿಕ್ ಟ್ಯಾಂಕ್ ತುಕ್ಕು ಹಿಡಿಯುವುದಿಲ್ಲ, ಹಾಗಾದರೆ ತುಕ್ಕು ಹೊರಗಿನಿಂದ ಬಂದಿದೆ. ಪೆಟ್ರೋಲನ್ನು ಯಾವುದರಲ್ಲಿ ತುಂಬಿಟ್ಟು ಸುರಿಯುತ್ತೀರಿ?

ಮೊದಲ ಪ್ರಶ್ನೆ ಕೇಳಿದವರು: ಶೆಡ್ಡಿನಲ್ಲಿರುವ ಹಳೆಯ ತಗಡಿನ ಡಬ್ಬದಲ್ಲಿ. ಈಗ ಟಾರ್ಚ್ ಬಿಟ್ಟು ನೋಡಿದೆ, ಒಳಗೋಡೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ.

ಮೆಕ್ಯಾನಿಕ್: ನೀರು ಮತ್ತು ತುಕ್ಕು ಎರಡರ ಮೂಲವೂ ಆ ಡಬ್ಬವೇ. ಅದನ್ನು ಇಂದೇ ಬಿಟ್ಟು, ಪೆಟ್ರೋಲಿಗೆಂದೇ ಮಾಡಿದ ಬಿಗಿ ಮುಚ್ಚಳದ ಕ್ಯಾನ್ ತೆಗೆದುಕೊಳ್ಳಿ, ಸುರಿಯುವಾಗ ಜಾಲರಿಯಿರುವ ಆಲಿಕೆ ಬಳಸಿ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತಿಂಗಳಿಗೆ ಬೇಕಾದಷ್ಟನ್ನೇ ತಂದಿಡಿ. ಗಾಡಿಯನ್ನು ಮುಂದೆ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರಿನ ಬಟ್ಟಲನ್ನು ಅದೇ ಡ್ರೈನ್ ಸ್ಕ್ರೂನಿಂದ ಖಾಲಿ ಮಾಡಿಡಿ. ಹದಿನೈದು ದಿನ ಕೆಲಸ ಮಾಡಿದ ಮೇಲೆ ಇನ್ನೊಮ್ಮೆ ಗಾಜಿನ ಬಾಟಲಿಗೆ ಬಸಿದು ನೋಡಿ. ತಳದಲ್ಲಿ ಏನಾದರೂ ಕಂಡರೆ ಚಿತ್ರ ತೆಗೆದು ಇಲ್ಲಿಗೆ ಕಳುಹಿಸಿ.