ಅಪ್‌ಡೇಟ್: ಎಂ1911 ಹಿಡಿಕೆ ಪಟ್ಟಿಯ ನಕ್ಷೆ

ಕೋಲ್ಟ್ ಎಂ1911 ಪಿಸ್ತೂಲಿನ ಮರದ ಹಿಡಿಕೆ ಪಟ್ಟಿಗೆ ಸಿಕ್ಕ ಎರಡು ನಕ್ಷೆಗಳ ಅಳತೆ ತಾಳೆಯಾಗುತ್ತಿಲ್ಲ, ಯಾವುದನ್ನು ನಂಬಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ತೊಡಕು ಬಗೆಹರಿದಿದೆ.

ಮೂಲ ನಕ್ಷೆ ಇಂಚಿನದು. ಎರಡು ಸ್ಕ್ರೂ ತೂತುಗಳ ಕೇಂದ್ರಾಂತರ ಸುಮಾರು 3 1/16 ಇಂಚು, ಅಂದರೆ 77.8 ಮಿ.ಮೀ. ಸಿಕ್ಕ ಒಂದು ನಕ್ಷೆಯಲ್ಲಿ, ಮರುಚಿತ್ರಿಸಿದವರು ಅದನ್ನು 78 ಮಾಡಿದ್ದಾರೆ. 0.2 ಮಿ.ಮೀ. ಅಲ್ಪವೆನಿಸಿದರೂ ಎರಡನೇ ಸ್ಕ್ರೂ ಓರೆಯಾಗಿ ಕೂತು, ತೂತಿನ ಅಂಚಿನಲ್ಲಿ ಮರ ಸೀಳಬಹುದು.

ಇನ್ನೊಂದು ನಕ್ಷೆ ಸ್ಕ್ಯಾನ್‌ನಲ್ಲಿ ಉದ್ದಕ್ಕೆ ಮಾತ್ರ ಹಿಗ್ಗಿದೆ. ಹೀಗೆ ಹಿಗ್ಗಿದೆಯೇ ಎಂದು ತಿಳಿಯಲು ಅಡ್ಡಕ್ಕೊಂದು, ಉದ್ದಕ್ಕೊಂದು ಗೊತ್ತಿರುವ ಅಳತೆ ಹಿಡಿದು ನೋಡಲೇಬೇಕು. ಬರೆದ ಅಂಕಿಯನ್ನೇ ನಂಬಿ; ಅಳತೆ ತೆಗೆಯಲು ಗೆರೆಯ ಮೇಲೆ ಸ್ಕೇಲ್ ಇಡಬೇಡಿ.

ಮುಖ್ಯವಾಗಿ, ಅಮೆರಿಕದ ನಕ್ಷೆ ಥರ್ಡ್ ಆ್ಯಂಗಲ್ (ಬಲಬದಿಯ ನೋಟವನ್ನು ಬಲಕ್ಕೇ ಬರೆಯುವ ಪದ್ಧತಿ). ನಮ್ಮಲ್ಲಿ ಕಲಿಸುವ, ಅದನ್ನು ಎಡಕ್ಕೆ ಬರೆಯುವ ಫಸ್ಟ್ ಆ್ಯಂಗಲ್ ರೂಢಿಯಲ್ಲಿ ಓದಿದರೆ ಎಡಪಟ್ಟಿ ಬಲಪಟ್ಟಿಯಾಗಿಬಿಡುತ್ತದೆ!